ಒರೆಸಿದ ಗೆರೆ

"ಇದರಾಗ ಏನೈತಿ ತಂಗಿ? ನೀನ ಹೇಳು."

ಮುರ್ತುಜಸಾಬರು ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳದೆ ಕೇಳಿದರು. ಬಸವೇಶ್ವರಿ ಬಗ್ಗಿ ನೋಡಿದಳು. ಪರದೆಯ ಮೇಲೆ ಗುಡೂರಿನ ಆಚೆಯ ಗುಡ್ಡವಿತ್ತು, ಅದರ ಮೇಲೆ ಆಕಾಶವಿತ್ತು, ಕೆಳಗೆ ಒಂದಿಷ್ಟು ನೆಲ. ಹೋದ ಭಾನುವಾರ ಅದರೆದುರು ನಿಂತಾಗ ಎದೆ ತುಂಬಿ ಬಂದಿತ್ತು. ಅದೇ ಗುಡ್ಡ ಇಲ್ಲಿ ನೀರಲ್ಲಿ ನೆನೆದ ರಟ್ಟಿನ ಹಾಗೆ ಬಿದ್ದುಕೊಂಡಿತ್ತು.

"ಗುಡ್ಡ ಐತಲ್ರಿ ಚಾಚಾ," ಎಂದಳು.

"ಗುಡ್ಡ ಗುಡ್ಡದ ಜಾಗಾದಾಗ ಐತಿ. ಫೋಟೋದಾಗ ಎಲ್ಲೈತಿ? ಎಷ್ಟ ಗಂಟೇಕ ತಗದಿ ಇದನ್ನ?"

"ಹನ್ನೆರಡಾಗಿತ್ರಿ."

"ಹ್ಞಾಂ. ನೆತ್ತಿ ಮ್ಯಾಲ ಬಿಸಲು. ನೆರಳಿಲ್ಲ, ಉಬ್ಬಿಲ್ಲ, ತಗ್ಗಿಲ್ಲ. ಗುಡ್ಡ ಹೋಗಿ ರೊಟ್ಟಿ ಆಗೇತಿ."

ಅವರು ನಕ್ಕರು. ಅವಳೂ ನಕ್ಕಳು. ಬಾಗಲಕೋಟೆಯ ಹಳೇ ಪೇಟೆಯ ಆ ಸ್ಟುಡಿಯೋದಲ್ಲಿ ಮೂವತ್ತೆರಡು ವರ್ಷ ಮದುವೆಯ ಫೋಟೋ, ಪಾಸ್‌ಪೋರ್ಟ್ ಫೋಟೋ ತೆಗೆದವರು ಮುರ್ತುಜಸಾಬರು. ಬಿಡುವಿದ್ದಾಗ ಬಾದಾಮಿಯ ಗುಡ್ಡಗಳಲ್ಲಿ ಅಲೆದು ತೆಗೆದ ದೊಡ್ಡ ದೊಡ್ಡ ಚಿತ್ರಗಳನ್ನು ಗೋಡೆಗೆ ತೂಗುಹಾಕಿದ್ದರು. ಹೀಗೆ ಒಂದು ದಿನ ಅರ್ಜಿಗೆ ಫೋಟೋ ತೆಗೆಸಿಕೊಳ್ಳಲು ಬಂದ ಬಸವೇಶ್ವರಿ ಆ ಚಿತ್ರಗಳ ಮುಂದೆ ಅರ್ಧ ತಾಸು ನಿಂತುಬಿಟ್ಟಿದ್ದಳು. ಶಿಷ್ಯತ್ವ ಶುರುವಾದದ್ದು ಆಗ.

ಅವಳು ನವನಗರದ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಹದಿನಾರು ವರ್ಷಗಳಿಂದ ಎಕ್ಸ್‌ರೇ ತೆಗೆಯುತ್ತಿದ್ದಳು. ಕಿಟಕಿಯಿಲ್ಲದ ಕೋಣೆ, ಭಾರದ ಬಾಗಿಲು. ಬೈಕಿನಿಂದ ಬಿದ್ದವರ ಕಾಲು, ಮೆಟ್ಟಿಲು ಜಾರಿದ ಮುದುಕಿಯರ ಸೊಂಟ, ಗಿಡದಿಂದ ಬಿದ್ದ ಮಕ್ಕಳ ಮುಂಗೈ. ಬೆಳಗಿನಿಂದ ಸಂಜೆಯವರೆಗೆ ಎರಡು ಮಾರು ಆಚೆಯ ಗೋಡೆಗಿಂತ ದೂರಕ್ಕೆ ಅವಳ ಕಣ್ಣು ಹೋಗುತ್ತಿರಲಿಲ್ಲ. ನಲವತ್ಮೂರು ತುಂಬಿದ ವರ್ಷ ದೂರದ್ದೆಲ್ಲ ಮಂಜಾಗತೊಡಗಿತು. ಕಣ್ಣಿನ ಡಾಕ್ಟರು ಚಷ್ಮಾ ಬರೆದುಕೊಟ್ಟು, ವಾರಕ್ಕೊಮ್ಮೆಯಾದರೂ ಬಯಲಲ್ಲಿ ನಿಂತು ದೂರ ನೋಡಬೇಕೆಂದರು. ಸುಮ್ಮನೆ ನಿಂತು ದೂರ ನೋಡುವ ಹೆಂಗಸನ್ನು ಜನ ಏನೆಂದುಕೊಂಡಾರು? ಒಂದು ನೆಪವಿರಲಿ ಎಂದು ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಕೊಂಡಳು. ಗಂಡ ವಿಜಯಮಹಾಂತೇಶ, "ಮನ್ಯಾಗ ಮೊಬೈಲ್ ಇದ್ದುವಲ್ಲ," ಎಂದು ಒಮ್ಮೆ ಅಂದು ಸುಮ್ಮನಾದ.

"ಸೂರ್ಯಾ ಏಳೂದ್ರಾಗ ಅಲ್ಲಿ ಇರಬೇಕು," ಎಂದರು ಮುರ್ತುಜಸಾಬರು. "ಬಿಸಲು ಓರೆ ಬಿದ್ದರ ಕಲ್ಲಿಗೆ ಮೈ ಬರತೈತಿ. ಸನೇಕ ಏನರ ಇಟಗೋ, ಗಿಡಾನೋ ಮನಶ್ಯಾನೋ. ದೂರಂದು ದೂರ ಕಾಣಬೇಕಂದ್ರ ಹತ್ರಂದು ಒಂದು ಬೇಕು. ಒಂದ ಜಾಗಾಕ್ಕ ಹತ್ತ ಸಲ ಹೋಗು. ಮತ್ತ ಮನಿಗೆ ಬಂದ ಮ್ಯಾಲ ಕಸಾ ಹೊಡಿ."

"ಕಸ ಅಂದ್ರ?"

ಅವರು ಅವಳದೇ ಇನ್ನೊಂದು ಫೋಟೋ ತೆರೆದರು. ಬಯಲಿನ ಮೂಲೆಯಲ್ಲಿ ಕರೆಂಟಿನ ಕಂಬವಿತ್ತು, ಬೇಲಿಗೆ ಸಿಕ್ಕಿದ ಪ್ಲಾಸ್ಟಿಕ್ ಚೀಲವಿತ್ತು. ಮೌಸಿನಿಂದ ನಾಲ್ಕು ಬಾರಿ ತೀಡಿದರು. ಕಂಬ ಹೋಯಿತು. ಚೀಲ ಹೋಯಿತು. ಅವು ಇದ್ದಲ್ಲಿ ಎಂದಿನಿಂದಲೂ ಇದ್ದದ್ದೇ ಅನ್ನುವಂಥ ಆಕಾಶ, ಎಂದಿನಿಂದಲೂ ಬೆಳೆದದ್ದೇ ಅನ್ನುವಂಥ ಹುಲ್ಲು.

ಬಸವೇಶ್ವರಿಗೆ ಒಂದು ಕ್ಷಣ ಕಸಿವಿಸಿಯಾಯಿತು. ಎಕ್ಸ್‌ರೇಯ ಮೇಲೆ ಬಿದ್ದ ಒಂದು ಚುಕ್ಕೆ ಮೂಳೆಯದೋ ಧೂಳಿನದೋ ಎಂದು ಡಾಕ್ಟರು ನಿರ್ಧರಿಸುವವರೆಗೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಆದರೆ ಇದು ಯಾರ ಮೂಳೆಯೂ ಅಲ್ಲವಲ್ಲ.

ಮುಂದಿನ ಭಾನುವಾರ ಅವಳು ನಸುಕಿನಲ್ಲೇ ಸ್ಕೂಟಿ ಹತ್ತಿದಳು. ಆ ಗುಡ್ಡ ಹಳ್ಳಿಯಿಂದ ಒಂದು ಮೈಲಿ ಆಚೆಗಿತ್ತು. ಅದರ ಮೂಡಣ ಮೈ ಗೋಡೆಯ ಹಾಗೆ ನೆಟ್ಟಗೆ ನಿಂತಿದ್ದರೆ, ಬುಡದಲ್ಲಿ ಹದಿನಾಲ್ಕು ಮನೆಗಳ ಕಲ್ಲಡಿ ಓಣಿ. ಓಣಿಯ ಮುಂದೆ ಒಂದು ಹಳ್ಳ. ಹಳ್ಳದ ಈಚೆಯ ದಿಬ್ಬದ ಮೇಲೆ ನಿಂತರೆ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತಿತ್ತು. ಗುಡ್ಡದ ಹಿಂಬದಿಗೆ ಕಲ್ಲಿನ ಗಣಿಯಿತ್ತು. ಅದು ಇಲ್ಲಿಗೆ ಕಾಣುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಹಲ್ಲಿನ ಡಾಕ್ಟರ ಕೋಣೆಯಿಂದ ಬರುವಂಥ ಕೊರೆಯುವ ಸದ್ದು ಮಾತ್ರ ಬರುತ್ತಿತ್ತು.

ಐದಾರು ಭಾನುವಾರ ಹೋದ ಮೇಲೆ, ಅಕ್ಟೋಬರಿನ ಒಂದು ಮುಂಜಾನೆ, ಬಿಸಿಲು ಗುಡ್ಡದ ಪಕ್ಕೆಯನ್ನು ಸವರಿಕೊಂಡು ಓರೆಯಾಗಿ ಬಿತ್ತು. ಚಪ್ಪಟೆಯಾಗಿದ್ದ ಕಲ್ಲಿಗೆ ಒಮ್ಮೆಗೇ ಮೈ ಬಂತು. ಮಳೆಗಾಲ ತೊಳೆದು ಬಿಟ್ಟ ಕೆಂಪು, ಪದರ ಪದರ ನೆರಳು. ಮನೆಗಳ ಹೊಗೆ ನೇರವಾಗಿ ಏಳುತ್ತಿತ್ತು. ಅಷ್ಟರಲ್ಲಿ ಇಳಕಲ್ಲ ಸೀರೆಯುಟ್ಟ ಹೆಂಗಸೊಬ್ಬಳು ಏಳೆಂಟು ಆಡು ಹೊಡೆದುಕೊಂಡು ದಿಬ್ಬಕ್ಕೆ ಹತ್ತಿದಳು. ಬಸವೇಶ್ವರಿ ಉಸಿರು ಹಿಡಿದು ಬಟನ್ ಒತ್ತಿದಳು.

"ನನ್ನ ತಗದ್ರೇನ್ರಿ ಅಕ್ಕಾರ?" ಹೆಂಗಸು ಸೆರಗು ಸರಿಮಾಡಿಕೊಂಡಳು. "ಹೇಳಿದ್ದರ ಚಲೋ ಸೀರಿ ಉಟಗೊಂಡ ಬರತಿದ್ನೆಲ್ಲ."

ಅವಳ ಹೆಸರು ಚಂದವ್ವ. ಓಣಿಯ ಕೊನೆಯ ಮನೆ ಅವಳದು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತನ್ನನ್ನೂ ಆಡುಗಳನ್ನೂ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಬಸವೇಶ್ವರಿಯ ಕಣ್ಣು ಗುಡ್ಡದ ಮೇಲಿತ್ತು. ನೆತ್ತಿಯಿಂದ ಓಣಿಯ ಕಡೆಗೆ ಒಂದು ಕಪ್ಪು ಗೆರೆ ಇಳಿದಿತ್ತು. ಹನ್ನೆರಡರ ಬಿಸಿಲಲ್ಲಿ ತೆಗೆದ ಒಂದು ಫೋಟೋದಲ್ಲೂ ಅದು ಕಂಡಿರಲಿಲ್ಲ. ಗೆರೆಯುದ್ದಕ್ಕೂ ಅಂಗೈಯಗಲದ ಬಿಳಿ ಗುರುತುಗಳು. ಎಣಿಸಿದಳು, ಏಳು.

"ಅವೇನು ಯವ್ವಾ, ಬೆಳ್ಳಗ?"

ಚಂದವ್ವ ಗುಡ್ಡದ ಕಡೆ ನೋಡಲಿಲ್ಲ. "ಸುಣ್ಣಾರಿ. ನಮ್ಮ ಮನೀಯವರು ಹಚ್ಚತಾರ."

"ಯಾಕ? ದೇವರಿಗೇನು?"

"ಹ್ಞೂಂ, ಹಂಗ ಅನಕೋರಿ," ಎಂದು ಆಡೊಂದನ್ನು ಗದರಿಕೊಂಡು ಚಂದವ್ವ ಇಳಿದುಹೋದಳು. ಗುಡ್ಡದ ಬುಡದಲ್ಲಿ ಹಸಿರು ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಆಡುಗಳನ್ನು ಅವಳು ಆ ಕಡೆ ಬಿಡಲಿಲ್ಲ.

ಆ ಸಂಜೆ ಬಸವೇಶ್ವರಿ ಮನೆಯ ಕಂಪ್ಯೂಟರಿನ ಮುಂದೆ ಕೂತು ಕಸ ಹೊಡೆದಳು. ಎಲ್ಲ ಸರಿಯಾಗಿತ್ತು, ಆ ಬಿಳಿ ಚುಕ್ಕೆಗಳು ಮಾತ್ರ ಕಣ್ಣಿಗೆ ಚುಚ್ಚುತ್ತಿದ್ದವು. ಒಂದೊಂದಾಗಿ ತೀಡಿದಳು. ಚುಕ್ಕೆ ಹೋದಲ್ಲಿ ಗೆರೆ ತುಂಡು ತುಂಡಾಗಿ, ಫೋಟೋದ ಮೇಲೆ ಯಾರೋ ಉಗುರಿನಿಂದ ಗೀರಿದ ಹಾಗೆ ಕಂಡಿತು. ಅದನ್ನೂ ತೀಡಿದಳು. ನೆತ್ತಿಯಿಂದ ಬುಡದವರೆಗೆ ಗುಡ್ಡ ಅಖಂಡವಾಯಿತು. ಉಳಿಸಲೇ ಎಂದು ಕಂಪ್ಯೂಟರು ಕೇಳಿತು. ಹೂಂ ಎಂದಳು. ಹಳೆಯದರ ಮೇಲೆಯೇ ಹೊಸದು ಕೂತಿತು.

ಮುರ್ತುಜಸಾಬರು ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಕೊನೆಗೆ, "ಈಗ ಗುಡ್ಡ ಬಂತು ನೋಡ ತಂಗಿ," ಎಂದರು. ನವನಗರದಲ್ಲಿ ನಡೆದ ಜಿಲ್ಲಾ ಫೋಟೋ ಸ್ಪರ್ಧೆಗೆ ಅವರೇ ಕಳಿಸಿದರು. ಮೊದಲ ಬಹುಮಾನ ಬಂತು. ಪ್ರದರ್ಶನದ ದಿನ ಸಂತೋಷಕುಮಾರ ಎಂಬಾತ ಅದರ ಮುಂದೆ ನಿಂತು, ತಾನು ಆ ಗುಡ್ಡದ ಹಿಂದಿನ ಗಣಿಯ ಮ್ಯಾನೇಜರ್ ಎಂದು ಪರಿಚಯ ಹೇಳಿಕೊಂಡ. ಬಿಳಿ ಅಂಗಿಯ, ಮೆಲುದನಿಯ ಮನುಷ್ಯ. "ನಮ್ಮ ಗುಡ್ಡ ಇಷ್ಟ ಚಂದ ಐತಿ ಅಂತ ನಮಗ ಗೊತ್ತಿರಲಿಲ್ಲರಿ ಮೇಡಮ್ಮಾರ. ಈ ಸಲದ ಕ್ಯಾಲೆಂಡರಿಗೆ ಇದನ್ನ ಕೊಡ್ರಿ. ತೆಳಗ ನಿಮ್ಮ ಹೆಸರ ಹಾಕತೇವಿ," ಎಂದ. ಜನವರಿಯಲ್ಲಿ ಸಾವಿರ ಕ್ಯಾಲೆಂಡರು ಬಂದವು. ವಿಜಯಮಹಾಂತೇಶ ತಾನೇ ಮೊಳೆ ಹೊಡೆದು ಪಡಸಾಲೆಯಲ್ಲಿ ಒಂದನ್ನು ತೂಗುಹಾಕಿದ. ಬಂದವರಿಗೆಲ್ಲ ಹೆಂಡತಿಯ ಹೆಸರನ್ನು ಬೆರಳಿಟ್ಟು ತೋರಿಸಿದ.

ಬಹುಮಾನ ಬಂದ ಮೇಲೆ ಬಸವೇಶ್ವರಿ ಬಾದಾಮಿಗೆ ಹೋದಳು, ಹುನಗುಂದದ ಕಡೆಯ ಬಯಲುಗಳಿಗೆ ಹೋದಳು. ಕಲ್ಲಡಿ ಓಣಿಗೆ ಹೋಗಲಿಲ್ಲ. ಚಂದವ್ವನಿಗೊಂದು ಕ್ಯಾಲೆಂಡರು ಕೊಡಬೇಕು ಎಂಬುದು ನೆನಪಾಗುತ್ತಲೇ ಬೇಸಿಗೆ ಕಳೆಯಿತು. ಕೊನೆಗೆ ಅವಳು ಹೊರಟಾಗ ಜುಲೈ ತಿಂಗಳು. ನಾಲ್ಕು ದಿನ ಜಿಟಿಜಿಟಿ ಹಿಡಿದು ಅಂದು ತುಸು ಹೊಳವಾಗಿತ್ತು.

ಚಂದವ್ವನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಒಳಗಿನಿಂದ ದಬ್ಬಿದರೂ ಅದು ಪೂರ್ತಿ ತೆರೆಯಲಿಲ್ಲ, ಮುಚ್ಚಲೂ ಇಲ್ಲ. ಬಸವೇಶ್ವರಿ ಓರೆಯಾಗಿ ಒಳಗೆ ಸರಿದಳು. ಚಂದವ್ವನ ಗಂಡ ಮಲಕಪ್ಪ ಗೋಡೆಗೊರಗಿ ಕೂತು ಚಹಾ ಕುಡಿಯುತ್ತಿದ್ದ. ಐವತ್ತೈದರ ಆಸುಪಾಸು, ಇಪ್ಪತ್ತು ವರ್ಷ ಗಣಿಯಲ್ಲಿ ಕಲ್ಲಿಗೆ ತೂತು ಕೊರೆದು ಎರಡೂ ಕೈ ಸದಾ ಸಣ್ಣಗೆ ನಡುಗುತ್ತಿದ್ದವು. ಹೋದ ವರ್ಷ ಕೆಲಸ ಬಿಟ್ಟಿದ್ದ. ಈಗ ಮಗ ಪ್ರಬುದ್ಧ ಅಲ್ಲಿಗೆ ಹೋಗುತ್ತಿದ್ದ.

ಚಂದವ್ವ ಕ್ಯಾಲೆಂಡರಿನಲ್ಲಿ ತನ್ನನ್ನು ಕಂಡು ಸೊಸೆ ಭಾಗ್ಯಜ್ಯೋತಿಯನ್ನು ಕರೆದಳು. ಸೊಸೆ ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಬಂದು ಆಡುಗಳನ್ನು ಹೆಸರು ಹಿಡಿದು ಗುರುತಿಸಿದಳು. ಎಲ್ಲರೂ ನೋಡಿಯಾದ ಮೇಲೆ ಮಲಕಪ್ಪ ಕೈ ಚಾಚಿದ. ನಡುಗುವ ಬೆರಳನ್ನು ಗುಡ್ಡದ ನೆತ್ತಿಯ ಮೇಲಿಟ್ಟು ನಿಧಾನವಾಗಿ ಕೆಳಗೆ ತಂದ. ಮತ್ತೆ ಮೇಲಕ್ಕೆ ಒಯ್ದ.

"ನನ್ನ ಸುಣ್ಣ ಎಲ್ಲಿ ಹೋತ್ರಿ ಅಕ್ಕಾರ?"

ಬಸವೇಶ್ವರಿ, "ಅದು... ಫೋಟೋ ಚಂದ ಕಾಣಲಿ ಅಂತ ತಗದೆ ಕಾಕಾ," ಎಂದಳು.

"ಸೀಳೂ ತಗದೀರಿ."

"ಸೀಳು?"

ಮಲಕಪ್ಪ ಕ್ಯಾಲೆಂಡರನ್ನು ಸುರುಳಿ ಸುತ್ತಿ ಹೆಂಡತಿಯ ಕೈಗೆ ಕೊಟ್ಟ. ದನಿ ಏರಿಸಲಿಲ್ಲ. "ಕಲ್ಲು ಬಿಟ್ಟುಕೊಳ್ಳಾಕತ್ತಿದ್ದರ ಕಣ್ಣಿಗೆ ಕಾಣಂಗಿಲ್ರಿ. ಅದಕ್ಕ ಸೀಳಿನ ಮ್ಯಾಲ ಅಡ್ಡ ಸುಣ್ಣ ಮೆತ್ತತೀವಿ. ಒಣಗಿದ ಸುಣ್ಣ ಸೀಳೇತಿ ಅಂದ್ರ ಗುಡ್ಡ ಸರದೈತಿ ಅಂತ ಅರ್ಥ. ಖಣ್ಯಾಗ ಮದ್ದು ಹಾರಿಸಿದಾಗೊಮ್ಮಿ, ಮಳಿ ಹೋದಾಗೊಮ್ಮಿ ಹತ್ತಿ ನೋಡತೇನಿ. ನೀವು ತಗದಾಗ ಏಳ ಇದ್ದುವು. ಒಂದೂ ಸೀಳಿರಲಿಲ್ಲ. ಈಗ ಹನ್ನೊಂದ ಅದಾವು. ಆರು ಸೀಳ್ಯಾವು."

ಮಗು ಬಸವೇಶ್ವರಿಯ ಚಷ್ಮಾಕ್ಕೆ ಕೈ ಚಾಚಿತು. ಅವಳಿಗೆ ಈ ಮನೆಯ ಬಾಗಿಲು ಯಾಕೆ ಮುಚ್ಚುತ್ತಿಲ್ಲ ಎಂಬುದು ಥಟ್ಟನೆ ಹೊಳೆಯಿತು. ಕೂತ ನೆಲ ಕೆಳಗೆ ಟೊಳ್ಳಾದ ಹಾಗೆ ಅನಿಸಿ ಅವಳು ಎದ್ದು ನಿಂತಳು.

"ಗುರುವಾರ ವಿಚಾರಣಿ ಐತ್ರಿ," ಎಂದಳು ಭಾಗ್ಯಜ್ಯೋತಿ. "ನಾವು ಅರ್ಜಿ ಕೊಟ್ಟು ಆರ ತಿಂಗಳಾತು, ಖಣಿ ನಿಲ್ಲಸ್ರಿ, ಇಲ್ಲಂದ್ರ ನಮಗ ಬ್ಯಾರೆ ಕಡೆ ಜಾಗಾ ಕೊಡ್ರಿ ಅಂತ. ಖಣಿಯವ್ರು ಅಂತಾರ, ಗುಡ್ಡ ಗಟ್ಟಿ ಐತಿ, ನಮ್ಮ ಕಡೆ ಪುರಾವೆ ಐತಿ ಅಂತ. ಏನ್ ಪುರಾವೆ ಅಂತ ಇಷ್ಟ ದಿನ ತಿಳಿದಿರಲಿಲ್ಲ." ಅವಳು ಅತ್ತೆಯ ಕೈಯಲ್ಲಿದ್ದ ಸುರುಳಿಯ ಕಡೆ ನೋಡಿದಳು.

ಬಸವೇಶ್ವರಿ ನೇರವಾಗಿ ಸ್ಟುಡಿಯೋಕ್ಕೆ ಹೋಗಿ ಎಲ್ಲವನ್ನೂ ಹೇಳಿದಳು. ಮೂಲ ಫೋಟೋ ಏನಾದರೂ ಸಿಕ್ಕೀತೇ ಎಂದು ಮುರ್ತುಜಸಾಬರು ಕ್ಯಾಮೆರಾದ ಹಳೇ ಕಾರ್ಡು, ಕಂಪ್ಯೂಟರು ಎಲ್ಲ ಜಾಲಾಡಿದರು. ಆ ಕಾರ್ಡಿನ ಮೇಲೆ ಆಮೇಲೆ ಬಾದಾಮಿ ಕೂತಿತ್ತು, ಹುನಗುಂದ ಕೂತಿತ್ತು. "ಸಿಗಂಗಿಲ್ಲ," ಎಂದು ಅವರು ಕುರ್ಚಿಗೆ ಒರಗಿದರು. "ಗುರುವಾರ ಹೋಗತಿ?" ಎಂದು ಕೇಳಿದರು.

"ಹೋಗಬ್ಯಾಡ ಅಂತೀರೇನ್ರಿ?"

"ಎಲ್ಲಾರೂ ಒರಸತಾರ ಬೇಟಾ. ನಾನೂ ಎಷ್ಟ ಮದುಮಕ್ಕಳ ಮಾರಿ ಮ್ಯಾಲಿನ ಕಲಿ ಒರಸೇನಿ." ಅವರು ಗೋಡೆಯ ಮೇಲಿನ ತಮ್ಮ ಚಿತ್ರಗಳನ್ನು ಒಂದೊಂದಾಗಿ ನೋಡಿದರು, ಅವುಗಳಲ್ಲಿ ತಾನೇನು ಒರೆಸಿದ್ದೆ ಎಂದು ನೆನಪು ಮಾಡಿಕೊಳ್ಳುವವರ ಹಾಗೆ. "ಆ ಒರಸೂ ಬ್ರಶ್ ನಿನ್ನ ಕೈಯಾಗ ಕೊಟ್ಟಾಂವ ನಾ. ಅದನ್ನೂ ಹೇಳು."

ವಿಜಯಮಹಾಂತೇಶ ಮಾತ್ರ ಊಟದ ತಾಟಿನಿಂದ ತಲೆಯೆತ್ತಿ, "ಬಹುಮಾನ ವಾಪಸ್ ಇಸಗೊಂತಾರ. ದವಾಖಾನ್ಯಾಗ ಏನಂತಾರ? ಎಕ್ಸ್‌ರೇ ತಗಿಯಾಕಿ ಫೋಟೋ ತಿದ್ದತಾಳ ಅಂತ ಊರ ತುಂಬಾ ಆದೀತು," ಎಂದ. ಅದು ಅವಳಿಗೂ ಹೊಳೆದಿತ್ತು. ಎರಡು ರಾತ್ರಿ ಅದೇ ಹೊಳೆಯುತ್ತಿತ್ತು.

ವಿಚಾರಣೆ ಹಳ್ಳಿಯ ಸಮುದಾಯ ಭವನದಲ್ಲಿತ್ತು. ಹೊರಗೆ ತುಂತುರು. ವಿಚಾರಣೆಗೆ ಬಂದಿದ್ದ ಸರಕಾರಿ ಅಧಿಕಾರಿ ಕನ್ನಡಕ ಒರೆಸಿಕೊಂಡು ಎರಡೂ ಕಡೆಯ ಕಾಗದ ಓದಿದರು. ಭಾಗ್ಯಜ್ಯೋತಿ ಎದ್ದು ನಿಂತು, ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಮನೆಗಳ ಬಾಗಿಲು ಮುಚ್ಚಲು ಬರುತ್ತಿಲ್ಲ, ಚೌಕಟ್ಟು ಓರೆಯಾಗಿವೆ ಎಂದು ತಡವರಿಸದೆ ಹೇಳಿದಳು. ಸಂತೋಷಕುಮಾರ ಎಲ್ಲ ಕೇಳಿಸಿಕೊಂಡು, ಚೀಲದಿಂದ ಕ್ಯಾಲೆಂಡರು ತೆಗೆದು ಮೇಜಿನ ಮೇಲೆ ಹರವಿದ.

"ಹಳೇ ಮನಿ, ಮಣ್ಣಿನ ಗ್ವಾಡಿ, ಬಾಗಿಲ ಓರೆ ಆಗತಾವ್ರಿ ಸರ್. ಗುಡ್ಡ ನೋಡ್ರಿ. ಹೋದ ಅಕ್ಟೋಬರ್‌ದಾಗ ತಗದದ್ದು. ನಾವು ತಗದದ್ದಲ್ಲ. ಜಿಲ್ಲಾಕ್ಕ ಮೊದಲ ಬಹುಮಾನ ಬಂದ ಫೋಟೋ. ಒಂದ ಕೂದಲೆಳಿ ಬಿರುಕ ಐತೇನು?"

ಅಧಿಕಾರಿ ಬಾಗಿ ನೋಡಿದರು. ಬಾಗಿಲಾಚೆಯ ಗುಡ್ಡದ ಕಡೆಗೂ ನೋಡಿದರು. ಅದರ ಅರ್ಧ ಮೈ ಮೋಡದಲ್ಲಿತ್ತು. ಹಿಂದಿನ ಸಾಲಿನಿಂದ ಬಸವೇಶ್ವರಿ ಎದ್ದಳು.

"ಆ ಫೋಟೋ ನಂದ್ರಿ ಸರ್. ಗುಡ್ಡ ಹಂಗಿಲ್ಲ. ನೆತ್ತಿಯಿಂದ ತೆಳಗಿನ ತನಕಾ ಬಿರುಕ ಇತ್ತು, ಅದರ ಮ್ಯಾಲ ಏಳ ಸುಣ್ಣದ ಗುರ್ತ ಇದ್ದುವು. ನಾನ ಒರಸೇನಿ."

ಭವನದಲ್ಲಿ ಗುಜುಗುಜು ಎದ್ದು ಅಡಗಿತು.

"ಒರೆಸಿದ್ದೀರಾ? ಯಾಕೆ?" ಎಂದರು ಅಧಿಕಾರಿ.

"ಚಂದ ಕಾಣಲಿ ಅಂತ್ರಿ."

"ಮೂಲ ಪ್ರತಿ ಎಲ್ಲಿದೆ?"

"ಇಲ್ಲರಿ. ಅದರ ಮ್ಯಾಲ ಸೇವ್ ಮಾಡಿಬಿಟ್ಟೆ."

ಸಂತೋಷಕುಮಾರ ಬೇಸರಪಟ್ಟವನ ಹಾಗೆ ತಲೆಯಾಡಿಸಿದ. "ಮೇಡಮ್ಮಾರ ಮ್ಯಾಲ ನನಗ ಗೌರವ ಐತ್ರಿ ಸರ್. ಆದ್ರ ಅವತ್ತ ಸುಳ್ಳ ಮಾಡಿದೋರು ಇವತ್ತ ಖರೆ ಹೇಳಾಕತ್ತಾರ ಅಂತ ನಾವು ಯಾವದರ ಮ್ಯಾಲ ನಂಬೂದು?"

"ನಾ ದಿನಾ ಮುರದ ಎಲುಬ ನೋಡಾಕಿರಿ," ಎಂದಳು ಬಸವೇಶ್ವರಿ, ಯಾರಿಗೂ ಅರ್ಥವಾಗದ ಹಾಗೆ. "ಎಲುಬಿನ ಮ್ಯಾಲ ಈ ಗೆರಿ ಕಂಡಿದ್ದರ ಮುಟ್ಟತಿರಲಿಲ್ಲ." ಅಷ್ಟು ಹೇಳಿ ಕೂತುಬಿಟ್ಟಳು. ಪಕ್ಕದಲ್ಲಿದ್ದ ಚಂದವ್ವ ಸರಿದು ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು.

ಅಧಿಕಾರಿ ಬಹಳ ಹೊತ್ತು ಬರೆದುಕೊಂಡರು. ಸೋಮವಾರ ಭೂವಿಜ್ಞಾನಿಯನ್ನು ಕರೆದುಕೊಂಡು ಸ್ಥಳ ನೋಡುವುದಾಗಿಯೂ, ಅಲ್ಲಿಯವರೆಗೆ ಮದ್ದು ಸಿಡಿಸಕೂಡದೆಂದೂ ಹೇಳಿದರು. ಸಂತೋಷಕುಮಾರ ಆಗಲಿ ಎಂದ. ಹೊರಡುವಾಗ ಅಧಿಕಾರಿ ಬಸವೇಶ್ವರಿಯ ಬಳಿ ನಿಂತು, "ಸೋಮವಾರದೊಳಗೆ ಆ ಬಿರುಕನ್ನು ಹತ್ತಿರದಿಂದ ತೆಗೆದು ತಂದುಕೊಡಿ. ಒರೆಸಬೇಡಿ," ಎಂದರು. ಆ ಕೊನೆಯ ಮಾತು ಮನೆ ಮುಟ್ಟುವವರೆಗೂ ಅವಳ ಬೆನ್ನಿಗಿತ್ತು.

ಶನಿವಾರ ಅವಳು ರಜೆ ಹಾಕಿದಳು. ಬೆಳಿಗ್ಗೆಯೇ ಹೊರಟವಳನ್ನು ದಾರಿಯಲ್ಲಿ ಮಳೆ ಹಿಡಿದು, ಓಣಿ ಮುಟ್ಟುವಾಗ ಹನ್ನೊಂದೂವರೆ. ಮೋಡ ಹರಿದು ಸುಡುಬಿಸಿಲು ಬಿದ್ದಿತ್ತು. ಮಲಕಪ್ಪ ಮುಂದೆ, ಅವಳು ಹಿಂದೆ, ಓಣಿಯ ಪಕ್ಕದಿಂದ ಸುತ್ತಿ ಹೋಗುವ ಕಾಲುದಾರಿಯಲ್ಲಿ ಹತ್ತಿದರು.

"ಬೆಳಕು ಸರಿ ಇಲ್ಲ ಕಾಕಾ. ಮುಂಜಾನಿ ಆಗಿದ್ದರ ಚಲೋ ಬರತಿತ್ತು."

"ಇದ್ದದ್ದ ಬರಲಿ ಸಾಕ್ರಿ," ಎಂದ ಮಲಕಪ್ಪ.

ಮೊದಲ ಗುರುತಿನ ಬಳಿ ಅವನು ಕೂತ. ಬಸವೇಶ್ವರಿ ಸ್ಕೇಲನ್ನು ಕಲ್ಲಿಗಿಟ್ಟು ಫೋಟೋ ತೆಗೆದಳು. ಎರಡನೆಯದು, ಮೂರನೆಯದು. ಒಣಗಿದ ಸುಣ್ಣದ ನಡುವೆ ಕತ್ತರಿಸಿಟ್ಟ ಹಾಗೆ ಗೆರೆ. ಹನ್ನೆರಡನೆಯದು ತೀರಾ ಮೇಲಿತ್ತು. "ಇದು ಇವತ್ತ ನಸಿಕಿನ್ಯಾಗ ಮೆತ್ತಿದ್ದು," ಎಂದು ಹತ್ತಿರ ಹೋದವನು ಅಲ್ಲೇ ನಿಂತ. ಇನ್ನೂ ಹಸಿ ಇದ್ದ ಸುಣ್ಣದ ಮುದ್ದೆ ಎರಡು ಹೋಳಾಗಿತ್ತು. ನಡುವೆ ಮೂರು ಬೆರಳು ಹೋಗುವಷ್ಟು ಸಂದು.

ಬಸವೇಶ್ವರಿ ಕೈ ಮುಂದೆ ಮಾಡಿದಳು. ಸಂದಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಹೊರಗೆ ಕಲ್ಲು ಬಿಸಿಲಿಗೆ ಕಾದಿತ್ತು. ಒಳಗಿನಿಂದ ಬಾವಿಯ ಬಾಯಿಯ ತಂಪು, ಹಸಿಮಣ್ಣಿನ ವಾಸನೆ. ಎಲ್ಲೋ ಆಳದಲ್ಲಿ ಒಂದು ಹರಳು ಉರುಳಿ, ತಡೆದು, ಮತ್ತೆ ಉರುಳಿ, ತಳ ಮುಟ್ಟಿದ ಸದ್ದೇ ಬರಲಿಲ್ಲ.

"ಇದ ತಗೀರಿ, ಲಗೂನ," ಎಂದ ಮಲಕಪ್ಪ. ಅವಳು ತೆಗೆದಳು. ಅವನು ಗುಡ್ಡದ ಹಿಂಬದಿಗೆ ಕಿವಿಗೊಟ್ಟ. ಕೊರೆಯುವ ಸದ್ದು ನಿಂತಿತ್ತು. "ಇವತ್ತ ಮದ್ದು ಹಾರಸತಾರ್ರಿ."

"ಸೋಮವಾರದ ತನಕಾ ಇಲ್ಲ ಅಂದಿದ್ದರಲ್ಲ?"

"ಬುಧವಾರ ತುಂಬಿದ ತೂತು ಅದಾವಂತ. ತುಂಬಿದ್ದನ್ನ ಹಂಗ ಬಿಡಾಕ ಬರಂಗಿಲ್ಲ ಅಂತ ಮ್ಯಾನೇಜರ್ ಅಂದಾರಂತ. ಪ್ರಬುದ್ಧ ಮುಂಜಾನಿ ಹೇಳಿ ಹೋದ. ಒಂದಕ್ಕ ಹಾರಸತಾರ. ಮೊದಲ ಮೂರ ಸಲ ಭೋಂಗಾ ಹೊಡೀತಾರ. ಮೂರನೇ ಭೋಂಗಾ ನಿಂತಕೂಡಲೆ ಬೆಂಕಿ."

ಅವಳು ಗಡಿಯಾರ ನೋಡಿದಳು. ಹನ್ನೆರಡು ಇಪ್ಪತ್ತು. ಸಂತೋಷಕುಮಾರನ ನಂಬರಿಗೆ ಹಚ್ಚಿದಳು, ಬಂದ್ ಇತ್ತು. ಮಲಕಪ್ಪ ಮಗನ ನಂಬರಿಗೆ ಹಚ್ಚಲೇ ಇಲ್ಲ. "ಮದ್ದಿನ ಸನೇಕ ಯಾರೂ ಫೋನ್ ಚಾಲೂ ಇಡಂಗಿಲ್ರಿ," ಎಂದು ಎದ್ದ. "ನೀವು ತೆಳಗ ಹೋಗ್ರಿ. ಎಲ್ಲಾರನೂ ಹಳ್ಳದ ಆಚೆ ದಿಬ್ಬಕ್ಕ ಹೊಂಡಸ್ರಿ. ನಾ ಹೇಳೇನಿ ಅಂತ ಚಂದವ್ವಗ ಹೇಳ್ರಿ, ತಿಳೀತೈತಿ. ನಾ ಖಣಿಗೆ ಹೋಗತೇನಿ."

"ನಿಮ್ಮ ಮಾತ ಕೇಳತಾರೇನು?"

"ತೂತಿನ ಮ್ಯಾಲ ಹೋಗಿ ಕುಂದ್ರತೇನಿ," ಎಂದು ಅವನು ಹಿಂದೆ ನೋಡದೆ ನೆತ್ತಿಯ ಕಡೆಗೆ ಹತ್ತಿಹೋದ.

ಬಸವೇಶ್ವರಿ ಹೇಗೆ ಇಳಿದಳೋ, ಮೊಣಕಾಲು ಎಲ್ಲಿ ತರಚಿತೋ ತಿಳಿಯಲಿಲ್ಲ. ಚಂದವ್ವ ಹಿಟ್ಟು ನಾದುತ್ತಿದ್ದಳು. ಸುದ್ದಿ ಕೇಳಿದವಳೇ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಓಣಿಯ ಈ ತುದಿಯಿಂದ ಆ ತುದಿಯವರೆಗೆ, "ಹೊಂಡ್ರಿ! ಹೊಂಡ್ರಿ! ಸುಣ್ಣ ಸೀಳೇತಿ!" ಎಂದು ಕೂಗುತ್ತ ಹೋದಳು. ಗಂಡಸರೆಲ್ಲ ಗಣಿಗೆ, ಉಳ್ಳಾಗಡ್ಡಿಯ ಹೊಲಕ್ಕೆ ಹೋಗಿದ್ದರು. ಮನೆಗಳಿಂದ ಹೆಂಗಸರು ಬಂದರು, ಶನಿವಾರದ ಸಾಲೆ ಬಿಟ್ಟು ಬಂದಿದ್ದ ಮಕ್ಕಳು ಬಂದವು. ಯಾರೂ ಅಳಲಿಲ್ಲ, ಯಾರೂ ಏನಾಯಿತೆಂದು ಕೇಳಲಿಲ್ಲ. ಒಬ್ಬೊಬ್ಬರ ಬಾಗಿಲ ಹಿಂದೆಯೂ ಒಂದೊಂದು ಗಂಟು ಕಟ್ಟಿಟ್ಟೇ ಇತ್ತು. ಅದನ್ನು ಬಸವೇಶ್ವರಿ ಈಗ ಕಂಡಳು. ಈ ಓಣಿ ಎಷ್ಟು ದಿನದಿಂದ ಹೀಗೆ ಗಂಟು ಕಟ್ಟಿಕೊಂಡು ಮಲಗುತ್ತಿತ್ತು?

ನಡುವಿನ ಮನೆಯಲ್ಲಿ ಮುದುಕ ಅಮಾತೆಪ್ಪನಿದ್ದ. ಲಕ್ವಾ ಹೊಡೆದು ಮೂರು ವರ್ಷದಿಂದ ಹೊರಸು ಬಿಟ್ಟು ಎದ್ದಿರಲಿಲ್ಲ. "ನನ್ನ ಬಿಡ್ರೆವ್ವಾ, ನೀವು ಹೋಗ್ರಿ," ಎಂದ. ಭಾಗ್ಯಜ್ಯೋತಿ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಹೊರಸಿನ ಒಂದು ಕಾಲು ಹಿಡಿದಳು. ಇನ್ನಿಬ್ಬರು ಹೆಂಗಸರು ಎರಡು ಕಾಲು ಹಿಡಿದರು. ನಾಲ್ಕನೆಯದನ್ನು ಬಸವೇಶ್ವರಿ ಹಿಡಿದಳು. ಓರೆಯಾದ ಬಾಗಿಲಿನಿಂದ ಹೊರಸು ಹೊರಬರಲು ಒಲ್ಲೆನೆಂದಿತು. ಒಂದು ಬದಿಗೆ ವಾಲಿಸಿ, ಮುದುಕನನ್ನು ಸೀರೆಯಿಂದ ಬಿಗಿದು ಹೊರತಂದರು.

ಓಣಿ ದಾಟುವಾಗ ಮೊದಲ ಭೋಂಗಾ ಆಯಿತು. ಉದ್ದನೆಯ, ಒಂದೇ ಎಳೆಯ ಕೂಗು. ಆಡುಗಳು ನಿಂತವು, ಮಕ್ಕಳು ಕಲ್ಲೆಸೆದು ಹೊಡೆದುಕೊಂಡು ಹೋದರು. ಹಳ್ಳದಲ್ಲಿ ಮೊಣಕಾಲುದ್ದ ಕೆಂಪು ನೀರಿತ್ತು. ನಡುಹಳ್ಳದಲ್ಲಿ ಎರಡನೆಯದಾಯಿತು. ಬಸವೇಶ್ವರಿಯ ಕಾಲು ಜಾರಿತು. ಹೊರಸಿನ ಭಾರ ಹೆಗಲಿಗೆ ಬಂದು ಕೂತಿತು. "ಗಟ್ಟಿ ಹಿಡೀರಿ ಅಕ್ಕಾರ," ಎಂದಳು ಭಾಗ್ಯಜ್ಯೋತಿ. ದಿಬ್ಬ ಹತ್ತಿ ತಿರುಗಿ ನಿಂತರು.

ಎದುರಿಗೆ ಗುಡ್ಡ. ನೆತ್ತಿಯ ಮೇಲಿನ ಬಿಸಿಲಿಗೆ ಅದು ಚಪ್ಪಟೆಯಾಗಿ, ಏನೂ ಆಗದ ಹಾಗೆ ನಿಂತಿತ್ತು. ಬಿಟ್ಟು ಬಂದ ಒಲೆಗಳ ಹೊಗೆ ಎರಡು ಮೂರು ಮನೆಗಳಿಂದ ಇನ್ನೂ ಏಳುತ್ತಿತ್ತು. ಚಂದವ್ವ ಒಮ್ಮೆ ತಲೆಗಳನ್ನು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಎಲ್ಲರೂ ಮೂರನೆಯ ಭೋಂಗಾಕ್ಕೆ ಕಾದರು.

ಒಂದು ಗಂಟೆಯಾಯಿತು. ಒಂದರ ಮೇಲೆ ಐದು ನಿಮಿಷವಾಯಿತು. ಹತ್ತಾಯಿತು.

"ನಿಲ್ಲಿಸಿದ್ರು," ಎಂದಳು ಭಾಗ್ಯಜ್ಯೋತಿ, ಮೆಲ್ಲಗೆ. "ಮಾವಾರ ನಿಲ್ಲಿಸಿದ್ರು."

ಚಂದವ್ವ ಕೈಗೆ ಅಂಟಿ ಒಣಗಿದ್ದ ಹಿಟ್ಟನ್ನು ಉಜ್ಜಿಕೊಳ್ಳತೊಡಗಿದಳು. ಗಾಳಿ ಬಿದ್ದುಹೋಗಿ ಹಳ್ಳದ ನೀರಿನ ಸದ್ದೊಂದೇ ಕೇಳುತ್ತಿತ್ತು. ಆಗ, ಮದ್ದೂ ಹಾರದೆ, ಯಾವ ಸದ್ದೂ ಇಲ್ಲದೆ, ಗುಡ್ಡದ ಮುಖದ ಪೊಟರೆಗಳಿಂದ ಪಾರಿವಾಳಗಳು ಒಮ್ಮೆಲೇ ಹೊರಬಿದ್ದವು. ನೂರಾರು. ಓಣಿಯ ಮಾಡುಗಳ ಮೇಲೆ ಒಂದು ಸುತ್ತು ಹಾಕಿ, ಮತ್ತೊಂದು ಸುತ್ತು ಹಾಕಿ, ಕೂರಲು ಗುಡ್ಡದ ಕಡೆಗೆ ತಿರುಗಿ, ಕೂರದೆ ಮೇಲಕ್ಕೆದ್ದವು.

ಹೊರಸನ್ನು ಕೆಳಗಿಡುವುದು ನಾಲ್ವರಿಗೂ ನೆನಪಾಗಲಿಲ್ಲ. ಅದರ ಮೇಲೆ ಮಲಗಿದ್ದ ಅಮಾತೆಪ್ಪ, ಎಲ್ಲರೂ ಏನು ನೋಡುತ್ತಿದ್ದಾರೆಂದು ತಿಳಿಯದೆ, ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ.